ಎಳೆಯ ಮೂಳೆಗೆ ತಾಯಿ ಕೊಡುವ ಸಾಲ

ಹಸುವಿನ ಹಾಲಿನಲ್ಲಿ ಕ್ಯಾಲ್ಸಿಯಂ ಎದೆಹಾಲಿಗಿಂತ ನಾಲ್ಕು ಪಟ್ಟು ಹೆಚ್ಚು. ಆದರೂ ಹಸುಳೆಯ ಮೂಳೆಗೆ ಎದೆಹಾಲೇ ಸರಿ. ಈ ಲೆಕ್ಕ ಕೂಡುವುದು ಹೇಗೆ?

ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದ ಮಗಳು. ಮಗುವಿಗೆ ಮೂರು ತಿಂಗಳು. ಎಣ್ಣೆ ಹಚ್ಚಿ ಎರೆದು, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸಿದ ಮೇಲೆ ಅಜ್ಜಿಯದು ದಿನವೂ ಒಂದೇ ಮಾತು: "ನಿನ್ನ ಹಾಲು ಬರೀ ನೀರು ಕಣೆ. ಒಂದೆರಡು ಒಳಲೆ ಹಸುವಿನ ಹಾಲು ಹಾಕು, ಮೂಳೆ ಗಟ್ಟಿಯಾಗಲಿ." ಅಷ್ಟು ಹೊತ್ತಿಗೆ ಪಿಯುಸಿ ಓದುವ ತಮ್ಮ ಪುಸ್ತಕ ಹಿಡಿದು ಬರುತ್ತಾನೆ. "ಅಕ್ಕ, ಅಜ್ಜಿ ಹೇಳೋದು ಸರಿ ನೋಡು. ನೂರು ಮಿಲಿ ಹಸುವಿನ ಹಾಲಿನಲ್ಲಿ 120 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ತಾಯಿಯ ಹಾಲಿನಲ್ಲಿ ಮೂವತ್ತೂ ಇಲ್ಲ!"

ಅನುಭವ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ. ಎರಡೂ ಒಂದೇ ಮಾತು ಹೇಳಿದಾಗ ಎಳೆಯ ತಾಯಿ ಏನು ತಾನೆ ಉತ್ತರ ಕೊಟ್ಟಾಳು? ನಮ್ಮ ಎಷ್ಟೋ ಮನೆಗಳಲ್ಲಿ ಹಸುವಿನ ಹಾಲಿನ ಬಟ್ಟಲು, ಅದರ ಹಿಂದೆಯೇ ಬಾಟಲಿ ಒಳಗೆ ಬರುವುದು ಇಂಥ ಗಳಿಗೆಯಲ್ಲಿಯೇ.

ತಮ್ಮ ಓದಿದ ಅಂಕಿಯಲ್ಲಿ ತಪ್ಪಿಲ್ಲ. ಅದರಿಂದ ಅವನು ತೆಗೆದ ತೀರ್ಮಾನ ಮಾತ್ರ ತಪ್ಪು. ಎಲ್ಲಿ ತಪ್ಪಿತು ಎಂದು ತಿಳಿಯಬೇಕಾದರೆ ಎಳೆಯ ಮೂಳೆ ಬೆಳೆಯುವ ಬಗೆಯನ್ನು ಮೊದಲು ನೋಡಬೇಕು.

ಮೆದುವಾಗಿ ಹುಟ್ಟುವ ಮೂಳೆ

ಬೆಳೆದ ಮನುಷ್ಯನ ದೇಹದಲ್ಲಿರುವ ಮೂಳೆಗಳು 206. ಹುಟ್ಟಿದ ಮಗುವಿನಲ್ಲಿ ಎಣಿಸಿದರೆ ಇದಕ್ಕಿಂತ ಬಹಳ ಹೆಚ್ಚು ತುಂಡುಗಳು ಸಿಗುತ್ತವೆ. ಮುಂದೆ ಒಂದಾಗಬೇಕಾದ ಮೂಳೆಗಳು ಆಗ ಇನ್ನೂ ಬಿಡಿ ಬಿಡಿಯಾಗಿರುವುದೇ ಇದಕ್ಕೆ ಕಾರಣ. ಕೈಕಾಲಿನ ಉದ್ದ ಮೂಳೆಗಳು ಗರ್ಭದಲ್ಲಿ ಮೊದಲು ಮೃದ್ವಸ್ಥಿಯ ಅಚ್ಚಿನಂತೆ ರೂಪುಗೊಳ್ಳುತ್ತವೆ. ಕಿವಿಯ ಹಾಲೆಯ ಮೇಲ್ಭಾಗವನ್ನು ಮಡಿಸಿ ನೋಡಿದರೆ ಮೃದ್ವಸ್ಥಿ ಎಂದರೇನೆಂದು ಗೊತ್ತಾಗುತ್ತದೆ. ಈ ಅಚ್ಚಿನ ನಡುವಿನಿಂದ ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಗಟ್ಟಿಯಾಗುವ ಕೆಲಸ ಶುರುವಾಗಿ ಎರಡೂ ತುದಿಗಳ ಕಡೆಗೆ ಸಾಗುತ್ತದೆ. ತುದಿಗಳ ಹತ್ತಿರ ಬೆಳವಣಿಗೆಯ ಪಟ್ಟಿಯೊಂದು ಮೆದುವಾಗಿಯೇ ಉಳಿಯುತ್ತದೆ. ಮಗು ಎತ್ತರವಾಗುವುದು ಆ ಪಟ್ಟಿಯಿಂದ.

ಹುಟ್ಟಿದ ಮಗುವಿನ ಮಣಿಕಟ್ಟನ್ನು ಎಕ್ಸ್‌ರೇ ತೆಗೆದರೆ ಅಲ್ಲಿನ ಎಂಟು ಸಣ್ಣ ಮೂಳೆಗಳಲ್ಲಿ ಒಂದೂ ಕಾಣುವುದಿಲ್ಲ. ಅವು ಇವೆ, ಆದರೆ ಮೃದ್ವಸ್ಥಿಯಾಗಿ. ಎರಡು ಮೂರು ತಿಂಗಳಿಗೆ ಮೊದಲ ಎರಡು ಚುಕ್ಕೆಯಂತೆ ಮೂಡುತ್ತವೆ. ಮಂಡಿಚಿಪ್ಪು ಗಟ್ಟಿಯಾಗತೊಡಗುವುದಕ್ಕೆ ಮೂರು ವರ್ಷವೇ ಬೇಕಾಗಬಹುದು. ತಲೆಬುರುಡೆಯ ಮೂಳೆಗಳ ನಡುವೆ ಸಂದು ಇರುತ್ತದೆ. ಹಿಂಬದಿಯ ಸಂದು ಎರಡು ಮೂರು ತಿಂಗಳಿಗೆ ಮುಚ್ಚಿದರೆ, ಮುಂಬದಿಯ ನೆತ್ತಿ ಮುಚ್ಚುವುದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷಕ್ಕೆ. ಒಳಗೆ ಮಿದುಳು ಬೆಳೆಯಲು ಜಾಗ ಬೇಕಲ್ಲವೆ?

ತಿಂಗಳು ತುಂಬಿ ಹುಟ್ಟಿದ ಮಗುವಿನ ಮೈಯಲ್ಲಿರುವ ಒಟ್ಟು ಕ್ಯಾಲ್ಸಿಯಂ ಸುಮಾರು 30 ಗ್ರಾಂ. ಇದರ ಬಹುಪಾಲು ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಬಂದದ್ದು. (ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಈ ಬಂಡವಾಳ ಕಡಿಮೆ ಇರುವುದರಿಂದ ಅವರ ಆಹಾರದ ಲೆಕ್ಕವೇ ಬೇರೆ. ಅದನ್ನು ವೈದ್ಯರೇ ಹೇಳಬೇಕು.) ವಯಸ್ಕರ ಮೈಯಲ್ಲಿ ಇದು ಸುಮಾರು ಒಂದು ಕಿಲೋ. ಹುಟ್ಟುವಾಗ 50 ಸೆಂಟಿಮೀಟರ್ ಇದ್ದ ಮಗು ವರ್ಷ ತುಂಬುವಾಗ 75 ಸೆಂಟಿಮೀಟರ್ ಆಗಿರುತ್ತದೆ. ಮನುಷ್ಯ ತನ್ನ ಹುಟ್ಟಿನಾಚೆಯ ಬದುಕಿನಲ್ಲಿ ಇಷ್ಟು ವೇಗವಾಗಿ ಮತ್ತೆಂದೂ ಬೆಳೆಯುವುದಿಲ್ಲ.

ಲೆಕ್ಕ ಕೂಡುವುದು ಹೀಗೆ

ಮೊದಲ ವರ್ಷದಲ್ಲಿ ಮಗುವಿನ ಮೂಳೆಗೆ ದಿನವೊಂದಕ್ಕೆ ಸೇರಬೇಕಾದ ಕ್ಯಾಲ್ಸಿಯಂ ಸುಮಾರು 100 ಮಿಲಿಗ್ರಾಂ. ಚೆನ್ನಾಗಿ ಹಾಲು ಕುಡಿಯುವ ಮಗು ದಿನಕ್ಕೆ ಸುಮಾರು 780 ಮಿಲಿಲೀಟರ್ ಎದೆಹಾಲು ಕುಡಿಯುತ್ತದೆ. ಅದರಲ್ಲಿ ಸುಮಾರು 200 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಎದೆಹಾಲಿನ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಸುಮಾರು 60 ಪಾಲನ್ನು ಮಗುವಿನ ಕರುಳು ಹೀರಿಕೊಳ್ಳುತ್ತದೆ. ಅಂದರೆ 120 ಮಿಲಿಗ್ರಾಂ. ಬೇಕಾದದ್ದು ನೂರು, ದಕ್ಕಿದ್ದು ನೂರಿಪ್ಪತ್ತು. ಅಜ್ಜಿ ಹೇಳಿದ "ನೀರು ಹಾಲು" ಲೆಕ್ಕದಲ್ಲಿ ಗೆದ್ದಿತು!

ಹಸುವಿನ ಹಾಲು ಕರುವಿಗಾಗಿ ಇರುವುದು. ಕರು ಒಂದೂವರೆ ಎರಡು ತಿಂಗಳಲ್ಲೇ ತನ್ನ ಹುಟ್ಟಿನ ತೂಕದ ಎರಡರಷ್ಟಾಗುತ್ತದೆ. ಮನುಷ್ಯನ ಮಗುವಿಗೆ ಅದಕ್ಕೆ ಸುಮಾರು ಐದು ತಿಂಗಳು ಬೇಕು. ಕರು ಹುಟ್ಟಿದ ದಿನವೇ ಎದ್ದು ನಿಲ್ಲುತ್ತದೆ, ನಮ್ಮ ಮಗು ವರ್ಷದ ಆಸುಪಾಸಿನಲ್ಲಿ. ಇಬ್ಬರಿಗೂ ಒಂದೇ ಹಾಲು ಹೊಂದುವುದು ಹೇಗೆ?

ಅಷ್ಟೇ ಆಗಿದ್ದರೆ "ಹೆಚ್ಚಾದರೆ ಏನು ನಷ್ಟ" ಎನ್ನಬಹುದಿತ್ತು. ನಷ್ಟವಿದೆ. ಹಸುವಿನ ಹಾಲಿನಲ್ಲಿ ರಂಜಕ ಎದೆಹಾಲಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಹಸುಳೆಯ ಮೂತ್ರಪಿಂಡಗಳು ಇನ್ನೂ ಬಲಿತಿರುವುದಿಲ್ಲ. ರಂಜಕವನ್ನು ಬೇಗ ಹೊರಹಾಕಲಾರವು. ರಕ್ತದಲ್ಲಿ ರಂಜಕ ಏರಿದಂತೆ ಕ್ಯಾಲ್ಸಿಯಂ ಇಳಿಯುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿ ಹಸುವಿನ ಹಾಲು ಕುಡಿದ ಕೂಸುಗಳಿಗೆ ಇದರಿಂದಲೇ ಫಿಟ್ಸ್ ಬಂದ ಉದಾಹರಣೆಗಳು ವೈದ್ಯಗ್ರಂಥಗಳಲ್ಲಿವೆ. ಕ್ಯಾಲ್ಸಿಯಂ ಹೆಚ್ಚಿರುವ ಹಾಲು ಕುಡಿದು ಕ್ಯಾಲ್ಸಿಯಂ ಕೊರತೆ! ಜೊತೆಗೆ ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಎಳೆಯ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಸೋರಲೂ ಅದು ಕಾರಣವಾಗಬಹುದು. ಒಂದು ವರ್ಷದೊಳಗೆ ಹಸುವಿನ ಹಾಲು ಮಗುವಿನ ಮುಖ್ಯ ಆಹಾರವಾಗಬಾರದು ಎಂದು ಮಕ್ಕಳ ವೈದ್ಯರು ಹೇಳುವುದು ಇದಕ್ಕಾಗಿಯೇ.

ಡಬ್ಬಿಯ ಪುಡಿಹಾಲು ಕುಡಿದ ಮಕ್ಕಳ ಮೂಳೆಯಲ್ಲಿ ಮೊದಲ ತಿಂಗಳುಗಳಲ್ಲಿ ಖನಿಜ ತುಸು ಹೆಚ್ಚು ಕಂಡದ್ದುಂಟು. ಆದರೆ ಮಕ್ಕಳು ಬೆಳೆದಂತೆ ಆ ವ್ಯತ್ಯಾಸ ಉಳಿಯುವುದಿಲ್ಲ. ಕಾರಣಾಂತರದಿಂದ ಎದೆಹಾಲು ಕೊಡಲಾಗದ ತಾಯಂದಿರು ಅಪರಾಧಿ ಭಾವನೆ ಪಡಬೇಕಿಲ್ಲ. ವೈದ್ಯರು ಹೇಳಿದ ಪುಡಿಹಾಲನ್ನು ಡಬ್ಬಿಯ ಅಳತೆಯಂತೆಯೇ ಕಲಸಿ, ಉಳಿತಾಯಕ್ಕೆಂದು ನೀರು ಹೆಚ್ಚು ಬೆರೆಸದೆ, ಶುದ್ಧ ಬಟ್ಟಲು ಒಳಲೆಯಲ್ಲಿ ಕುಡಿಸಿದರೆ ಆ ಮಕ್ಕಳೂ ಚೆನ್ನಾಗಿ ಬೆಳೆಯುತ್ತವೆ. ಆದರೆ ಬರೀ ಜಾಹೀರಾತಿನ ಮೋಹಕ್ಕೆ ಬೀಳುವುದು ಬೇರೆ ಮಾತು. ಇಂಥ ಮೋಹವನ್ನು ತಡೆಯಲೆಂದೇ ನಮ್ಮ ದೇಶ 1992ರಲ್ಲಿ ಕಾನೂನು ತಂದು, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಪುಡಿಹಾಲು, ಹಾಲಿನ ಬಾಟಲಿ ಹಾಗೂ ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರದ ಜಾಹೀರಾತು ಈ ಕಾನೂನಿನಂತೆ ನಿಷಿದ್ಧ.

ಸಾಲ ಕೊಡುವ ಎಲುಬು

ದಿನಕ್ಕೆ 200 ಮಿಲಿಗ್ರಾಂ ಎಂದರೆ ಆರು ತಿಂಗಳಿಗೆ ಸುಮಾರು 36 ಗ್ರಾಂ ಕ್ಯಾಲ್ಸಿಯಂ ತಾಯಿಯಿಂದ ಮಗುವಿಗೆ ಹೋಗುತ್ತದೆ. ಇದು ಎಲ್ಲಿಂದ ಬರುತ್ತದೆ?

ತಾಯಿ ಉಂಡದ್ದು ಸಾಲದಿದ್ದರೂ ಹಾಲಿನಲ್ಲಿ ಕ್ಯಾಲ್ಸಿಯಂ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಆಫ್ರಿಕಾದ ಗ್ಯಾಂಬಿಯಾ ದೇಶದ ಹಳ್ಳಿಗಳಲ್ಲಿ, ದಿನನಿತ್ಯದ ಊಟದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ ಇರುವ ತಾಯಂದಿರಿಗೆ ಹೆಚ್ಚುವರಿ ಕ್ಯಾಲ್ಸಿಯಂ ಕೊಟ್ಟು ನೋಡಿದಾಗಲೂ ಹಾಲಿನ ಕ್ಯಾಲ್ಸಿಯಂ ಬದಲಾಗಲಿಲ್ಲ. ತಾಯಿಯ ದೇಹ ತನ್ನ ಎಲುಬನ್ನೇ ಕರಗಿಸಿ ಮಗುವಿಗೆ ಕೊಡುತ್ತದೆ. ಹಾಲೂಡುವ ತಿಂಗಳುಗಳಲ್ಲಿ ತಾಯಿಯ ಮೂಳೆಯ ಖನಿಜದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಇಳಿಯುತ್ತದೆ. ಹಾಲು ಬಿಡಿಸಿದ ಬಳಿಕ ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದೊಳಗೆ ಅದು ಮರಳಿ ತುಂಬಿಕೊಳ್ಳುತ್ತದೆ. ಇದು ಸಾಲ, ದಾನವಲ್ಲ. ಆದರೆ ಸಾಲ ತೀರಬೇಕಾದರೆ ತಾಯಿಯ ತಟ್ಟೆಯಲ್ಲಿ ಏನಾದರೂ ಇರಬೇಕಲ್ಲ?

ಇಲ್ಲಿಯೇ ನಮ್ಮ ಬಾಣಂತನದ ಪದ್ಧತಿಯನ್ನು ತುಸು ಒರೆಗೆ ಹಚ್ಚಬೇಕಾಗಿದೆ. ಆರೈಕೆ, ವಿಶ್ರಾಂತಿ, ತುಪ್ಪ, ಬೆಳ್ಳುಳ್ಳಿ ಎಲ್ಲ ಒಳ್ಳೆಯದೇ. ಆದರೆ ಎಷ್ಟೋ ಕಡೆ ಬಾಣಂತಿಗೆ ಅನ್ನ, ಮೆಣಸಿನ ಸಾರು ಬಿಟ್ಟರೆ ಸೊಪ್ಪು ತಂಪು, ಮೊಸರು ಶೀತ, ಹಣ್ಣು ನೆಗಡಿ. ಮಗುವಿಗೆ ಸಾಲ ಕೊಡುತ್ತಿರುವವಳ ಗಂಟಿಗೇ ಕತ್ತರಿ! ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ಹಾಲೂಡುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹಾಲು, ಮೊಸರು, ರಾಗಿ, ಎಳ್ಳು, ಸೊಪ್ಪು ಇವಿಲ್ಲದೆ ಅಷ್ಟು ಒದಗಿಸುವುದು ಕಷ್ಟ. ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿಯಂತೆ ಬಸುರಿಯರಿಗೆ ಹದಿನಾಲ್ಕನೆಯ ವಾರದಿಂದ ಹಿಡಿದು ಹೆರಿಗೆಯ ನಂತರ ಆರು ತಿಂಗಳವರೆಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ಕೊಡಬೇಕು. ಅದನ್ನು ಕಬ್ಬಿಣದ ಮಾತ್ರೆಯ ಜೊತೆಗೆ ನುಂಗದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು.

ಎದೆಹಾಲಿನಲ್ಲಿ ಸಿಗದ ಒಂದು ಅಂಶ

ಎಲ್ಲ ಇರುವ ಎದೆಹಾಲಿನಲ್ಲಿಯೂ ಒಂದು ಕೊರತೆ ಇದೆ. ಅದೇ ವಿಟಮಿನ್ ಡಿ. ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರಬೇಕಾದರೆ ಈ ವಿಟಮಿನ್ ಬೇಕು. ಮಗುವಿಗೆ ದಿನಕ್ಕೆ ಬೇಕಾದದ್ದು 400 ಯೂನಿಟ್. ಒಂದು ಲೀಟರ್ ಎದೆಹಾಲಿನಲ್ಲಿ ಸಾಮಾನ್ಯವಾಗಿ ಇರುವುದು ಐವತ್ತು ಯೂನಿಟ್‌ನ ಒಳಗೇ. ಕ್ಯಾಲ್ಸಿಯಂನಂತೆ ಇದು ತಾಯಿಯ ಎಲುಬಿನಿಂದ ಕರಗಿ ಬರುವಂಥದ್ದಲ್ಲ. ತಾಯಿಯ ರಕ್ತದಲ್ಲಿಯೇ ಕಡಿಮೆ ಇದ್ದರೆ ಹಾಲಿನಲ್ಲಿ ಇನ್ನೂ ಕಡಿಮೆ.

ಇದರ ಕೊರತೆಯಿಂದ ಬರುವ ರೋಗವೇ ರಿಕೆಟ್ಸ್. ಇಂಗ್ಲೆಂಡಿನ ವೈದ್ಯ ಫ್ರಾನ್ಸಿಸ್ ಗ್ಲಿಸನ್ 1650ರಲ್ಲಿಯೇ ಈ ರೋಗದ ಬಗ್ಗೆ ಪುಸ್ತಕ ಬರೆದಿದ್ದ. ಕಾರ್ಖಾನೆಗಳ ಹೊಗೆ ತುಂಬಿದ ಯುರೋಪಿನ ನಗರಗಳಲ್ಲಿ ಮುಂದೆ ಇದು ಮನೆಮನೆಯ ಕಾಯಿಲೆಯಾಯಿತು. ಮೆತ್ತನೆಯ ತಲೆಬುರುಡೆ, ಊದಿದ ಮಣಿಕಟ್ಟು, ಪಕ್ಕೆಲುಬಿನ ಮೇಲೆ ಮಣಿ ಪೋಣಿಸಿದಂಥ ಗಂಟುಗಳು, ಬಾಗಿದ ಕಾಲು. ಕಾರಣ ಮಾತ್ರ ಬಹುಕಾಲ ಖಚಿತವಾಗಲಿಲ್ಲ.

ಗುಟ್ಟು ಬಯಲಾದದ್ದು ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ. 1919ರಲ್ಲಿ ಬರ್ಲಿನ್ನಿನ ಮಕ್ಕಳ ವೈದ್ಯ ಕರ್ಟ್ ಹುಲ್ಡ್‌ಶಿನ್‌ಸ್ಕಿ ರಿಕೆಟ್ಸ್ ಬಂದ ಮಕ್ಕಳಿಗೆ ಪಾದರಸದ ದೀಪದ ಅತಿನೇರಳೆ ಕಿರಣ ಹಾಯಿಸಿದ. ಮೂಳೆಗಳು ಗಟ್ಟಿಯಾದವು. ಒಂದು ಕೈಗೆ ಮಾತ್ರ ಕಿರಣ ಬಿಟ್ಟರೂ ಎರಡೂ ಕೈಯ ಮೂಳೆ ಗುಣವಾದದ್ದು ಎಕ್ಸ್‌ರೇಯಲ್ಲಿ ಕಂಡಿತು. ಚರ್ಮದಲ್ಲಿ ಹುಟ್ಟಿದ ಯಾವುದೋ ವಸ್ತು ರಕ್ತದ ಮೂಲಕ ಇನ್ನೊಂದು ಕೈಗೆ ಹೋಗಿರಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳಿಗೆ ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕೊಟ್ಟು ರಿಕೆಟ್ಸ್ ತಡೆದ. ಯುದ್ಧದಿಂದ ಕಂಗೆಟ್ಟ ವಿಯೆನ್ನಾ ನಗರದ ಮಕ್ಕಳ ಆಸ್ಪತ್ರೆಯಲ್ಲಿ ವಿಜ್ಞಾನಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರು 1919ರಿಂದ 1922ರವರೆಗೆ ಹಸುಳೆಗಳ ಮೇಲೆಯೇ ಇದನ್ನು ಕಂಡರು: ಚಳಿಗಾಲದಲ್ಲಿ ಮೀನೆಣ್ಣೆ ಕುಡಿದವರಿಗೆ ರೋಗ ಬರಲಿಲ್ಲ, ಬಂದವರಿಗೆ ಎಣ್ಣೆಯಿಂದಲೂ ವಾಸಿಯಾಯಿತು, ಬಿಸಿಲಿನಿಂದಲೂ ವಾಸಿಯಾಯಿತು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಎಣ್ಣೆಯಲ್ಲಿದ್ದ ಆ ವಸ್ತುವನ್ನು ಬೇರೆಯಾಗಿ ಗುರುತಿಸಿದ. ಎ, ಬಿ, ಸಿ ಆಗಲೇ ಮುಗಿದಿದ್ದರಿಂದ ಅದು 'ಡಿ' ಆಯಿತು.

"ನಮ್ಮದು ಬಿಸಿಲಿನ ನಾಡು, ನಮಗೇಕೆ ಆ ಚಿಂತೆ" ಎನ್ನುವವರುಂಟು. ಬಿಸಿಲು ಹೊರಗಿದೆ, ಬಾಣಂತಿ ಕೋಣೆಯ ಒಳಗಿಲ್ಲ! ಕಿಟಕಿಯ ಗಾಜು ಬೇಕಾದ ಕಿರಣವನ್ನು ತಡೆಯುತ್ತದೆ. ಕಂದು ಮೈಬಣ್ಣದ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಹೆಚ್ಚು ಹೊತ್ತು ಬೇಕು. ಎಣ್ಣೆ ಹಚ್ಚಿ ಬೆಳಗಿನ ಎಳೆಬಿಸಿಲಿಗೆ ಹಿಡಿಯುವುದು ಹಿತವೇ, ಆದರೆ ಆ ಹೊತ್ತಿನ ಬಿಸಿಲಿನಲ್ಲಿ ಈ ಕಿರಣ ಅತಿ ಕಡಿಮೆ. ಕಿರಣ ಬಲವಾಗಿರುವುದು ನಡುಹಗಲಿನಲ್ಲಿ. ಆ ಸುಡುಬಿಸಿಲಿಗೆ ಎಳೆಗೂಸನ್ನು ಒಡ್ಡುವಂತಿಲ್ಲ.

ಆದ್ದರಿಂದ ಉಳಿದ ದಾರಿ ಹನಿಯ ಔಷಧಿ. ಹುಟ್ಟಿದ ಮೊದಲ ದಿನಗಳಿಂದ ವರ್ಷ ತುಂಬುವವರೆಗೆ ದಿನವೂ 400 ಯೂನಿಟ್ ಕೊಡಬೇಕೆಂಬುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಆದರೆ ಎಚ್ಚರ! ಒಂದು ಮಿಲಿಲೀಟರಿನಲ್ಲಿ 400 ಯೂನಿಟ್ ಇರುವ ಸೀಸೆಯೂ ಇದೆ, 800 ಇರುವುದೂ ಇದೆ. ಸೀಸೆ ಬದಲಾದಾಗಲೆಲ್ಲ ಚೀಟಿ ಓದಿ ಅಳತೆ ಸರಿಮಾಡಿಕೊಳ್ಳಬೇಕು. ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡದ ತೊಂದರೆ ಬರಬಹುದು. 1950ರ ದಶಕದ ಬ್ರಿಟನ್ನಿನಲ್ಲಿ ಮಕ್ಕಳ ಆಹಾರಗಳಿಗೆಲ್ಲ ಈ ವಿಟಮಿನ್ ಧಾರಾಳವಾಗಿ ಬೆರೆಸಿ ಇಂಥ ತೊಂದರೆ ಕಂಡ ಮೇಲೆ ಅಲ್ಲಿನ ಸರ್ಕಾರ ಪ್ರಮಾಣವನ್ನು ಇಳಿಸಬೇಕಾಯಿತು. ಮದ್ದೆಂದರೂ ಅಳತೆ ಬೇಕು.

ಆರು ತಿಂಗಳಾದ ಮೇಲೆ ರಾಗಿ

ಮೊದಲ ಆರು ತಿಂಗಳು ಎದೆಹಾಲು ಮಾತ್ರ ಎಂದು 2001ರಲ್ಲಿ ವಿಶ್ವ ಆರೋಗ್ಯ ಸಭೆ ನಿರ್ಣಯಿಸಿತು. ಅದಕ್ಕೆ ಮೊದಲು ನಾಲ್ಕರಿಂದ ಆರು ತಿಂಗಳು ಎನ್ನುತ್ತಿದ್ದರು. ಹಳೆಯ ಸಲಹೆಯನ್ನು ಈಗಲೂ ಹೇಳುವ ಹಿರಿಯರು ಸುಳ್ಳು ಹೇಳುತ್ತಿಲ್ಲ, ಅವರ ಕಾಲದಲ್ಲಿ ಹಾಗೆಯೇ ಇತ್ತು. ಆರು ತಿಂಗಳಾದ ಮೇಲೆ ಮಾತ್ರ ಎದೆಹಾಲೊಂದೇ ಸಾಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿದ್ದುದು ನೂರಕ್ಕೆ ಹನ್ನೊಂದು ಮಂದಿಗೆ ಮಾತ್ರ.

ಇಲ್ಲಿ ಅಜ್ಜಿಯ ಅನುಭವಕ್ಕೆ ಪೂರ್ಣ ಅಂಕ. ಕನ್ನಡ ನಾಡಿನ ಮಕ್ಕಳ ಮೊದಲ ಊಟ ರಾಗಿ ಸರಿ, ಕೆಲವು ಕಡೆ ರಾಗಿ ಮಣ್ಣಿ. 2017ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಪ್ರಕಟಿಸಿದ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಮ್ಮ ಇನ್ನಾವ ಏಕದಳ ಧಾನ್ಯದಲ್ಲಿಯೂ ಇಷ್ಟಿಲ್ಲ. ಅಕ್ಕಿಯಲ್ಲಂತೂ ಅತ್ಯಲ್ಪ.

ಆದರೆ ಹಾಲಿಗೆ ಹೇಳಿದ ಮಾತೇ ರಾಗಿಗೂ ಸಲ್ಲುತ್ತದೆ. ಇರುವುದೆಲ್ಲ ದಕ್ಕುವುದಿಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಕ್ಯಾಲ್ಸಿಯಂ, ಕಬ್ಬಿಣ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇದಕ್ಕೆ ಮದ್ದನ್ನು ಹಿಂದಿನವರೇ ಕಂಡುಕೊಂಡಿದ್ದರು. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ ಜರಡಿ ಹಿಡಿಯುವುದು. ಮೊಳಕೆ ಬರುವಾಗ ಫೈಟೇಟ್ ಕಡಿಮೆಯಾಗುತ್ತದೆ. ಹಿಟ್ಟಿನ ಪಿಷ್ಟ ಒಡೆಯುವುದರಿಂದ ಸರಿ ತೀರ ಅಂಟಾಗದೆ, ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ.

ಸರಿಯನ್ನು ನೀರಾಗಿ ಮಾಡಬಾರದು. ಚಮಚ ಓರೆ ಮಾಡಿದರೆ ಸುರಿದು ಹೋಗದಷ್ಟು ಗಟ್ಟಿ ಇರಬೇಕು. ಎರಡು ಮೂರು ಚಮಚದಿಂದ ಆರಂಭಿಸಿ ಕ್ರಮೇಣ ಅರ್ಧ ಬಟ್ಟಲಿಗೆ ಏರಿಸಬೇಕು. ಮೇಲೊಂದಿಷ್ಟು ತುಪ್ಪ. ರಾಗಿಯೊಂದನ್ನೇ ತಿಂಗಳುಗಟ್ಟಲೆ ಕೊಡುವುದೂ ಸರಿಯಲ್ಲ. ಬೇಳೆ, ಬೇಯಿಸಿ ಮಸೆದ ಸೊಪ್ಪು ತರಕಾರಿ, ಮೊಸರು, ಬಾಳೆಹಣ್ಣು, ತಿನ್ನುವ ಮನೆಯಾದರೆ ಬೇಯಿಸಿದ ಮೊಟ್ಟೆ, ಹೀಗೆ ಒಂದೊಂದಾಗಿ ಸೇರಿಸಬೇಕು. ಉಪ್ಪು, ಸಕ್ಕರೆ ವರ್ಷದೊಳಗೆ ಬೇಡ. ಜೇನುತುಪ್ಪವಂತೂ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಹಸುಳೆಗೆ ಪ್ರಾಣಾಪಾಯ ತರಬಲ್ಲದು. ಇವೆಲ್ಲದರ ಜೊತೆ ಎರಡು ವರ್ಷದವರೆಗೆ, ಬೇಕೆನಿಸಿದರೆ ಅದರಾಚೆಗೂ ಎದೆಹಾಲು ನಡೆದೇ ಇರಲಿ.

ಈ ವಯಸ್ಸಿನಲ್ಲಿ ಕ್ಯಾಲ್ಸಿಯಂ ಮರೆತರೆ ವಿಟಮಿನ್ ಡಿ ಒಂದೇ ಕಾಪಾಡದು. ಬಿಸಿಲಿಗೆ ಬರವಿಲ್ಲದ ನೈಜೀರಿಯಾ ದೇಶದಲ್ಲಿ ಪುಟ್ಟ ಮಕ್ಕಳಿಗೆ ರಿಕೆಟ್ಸ್ ಬರುತ್ತಿತ್ತು. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರಿಗೆ ಬರೀ ವಿಟಮಿನ್ ಡಿ ಕೊಟ್ಟದ್ದಕ್ಕಿಂತ ಕ್ಯಾಲ್ಸಿಯಂ ಕೊಟ್ಟಾಗ ಹೆಚ್ಚು ಗುಣ ಕಂಡಿತು. ಹಾಲು ಬಿಟ್ಟ ಮೇಲೆ ಬರೀ ಧಾನ್ಯದ ಗಂಜಿಯಲ್ಲಿ ಬೆಳೆದ ಮಕ್ಕಳು ಅವರು.

ಯಾವಾಗ ಗಾಬರಿ ಬೇಡ, ಯಾವಾಗ ತಡ ಬೇಡ

ಹಲ್ಲು ಆರು ತಿಂಗಳಿಗೇ ಬರಬೇಕೆಂದಿಲ್ಲ, ವರ್ಷದವರೆಗೂ ಕಾಯಬಹುದು. ನಡೆಯಲು ಕಲಿಯುವ ಹೊತ್ತಿನಲ್ಲಿ ಕಾಲು ತುಸು ಬಿಲ್ಲಿನಂತೆ ಬಾಗಿರುವುದು ಸಹಜ. ಎರಡು ವರ್ಷದ ಹೊತ್ತಿಗೆ ಅದು ನೇರವಾಗುತ್ತದೆ. ಕೆಲವು ಮಕ್ಕಳು ಒಂಬತ್ತು ತಿಂಗಳಿಗೆ ನಡೆದರೆ ಕೆಲವರು ಹದಿನೇಳನೆಯ ತಿಂಗಳಿಗೆ. ಪಕ್ಕದ ಮನೆಯ ಮಗುವಿಗೆ ಹೋಲಿಸಿ ಕ್ಯಾಲ್ಸಿಯಂ ಟಾನಿಕ್ ತಂದು ಕುಡಿಸುವ ಅಗತ್ಯ ಇಲ್ಲ. ಎಣ್ಣೆ ನೀವುವುದರಿಂದ ಮೂಳೆಗೆ ಕ್ಯಾಲ್ಸಿಯಂ ಸೇರುವುದಿಲ್ಲ, ಆದರೆ ಮೆಲ್ಲಗೆ ನೀವಿದರೆ ಕೂಸಿಗೆ ಹಿತ. ಕೈಕಾಲು ಬಡಿಯಲು, ಬೋರಲು ಬೀಳಲು, ತೆವಳಲು ಬಿಡುವುದೇ ಮೂಳೆಗೆ ಒಳ್ಳೆಯ ವ್ಯಾಯಾಮ.

ಆದರೆ ಮಣಿಕಟ್ಟು ಊದಿದಂತೆ ಕಂಡರೆ, ಎದೆಯ ಪಕ್ಕೆಯಲ್ಲಿ ಗಂಟು ಗಂಟು ಕೈಗೆ ಸಿಕ್ಕರೆ, ಒಂದೂವರೆ ವರ್ಷವಾದರೂ ಮಗು ನಡೆಯದಿದ್ದರೆ, ಎರಡು ವರ್ಷದ ನಂತರ ಕಾಲು ಇನ್ನಷ್ಟು ಬಾಗುತ್ತ ಹೋದರೆ ವೈದ್ಯರಿಗೆ ತೋರಿಸಬೇಕು. ಫಿಟ್ಸ್ ಬಂದರಂತೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೇಗ ಗೊತ್ತಾದರೆ ರಿಕೆಟ್ಸ್ ಪೂರ್ತಿ ವಾಸಿಯಾಗುವ ಕಾಯಿಲೆ.

ಪುಸ್ತಕ ಹಿಡಿದು ಬಂದ ತಮ್ಮನಿಗೂ ಒಂದು ಮಾತು. ಅವನ ಮೂಳೆಯ ಕೆಲಸವೂ ಮುಗಿದಿಲ್ಲ. ಜೀವಮಾನದ ಮೂಳೆಯ ಬಂಡವಾಳದ ಸುಮಾರು ನೂರಕ್ಕೆ ತೊಂಬತ್ತು ಪಾಲು ಜಮೆಯಾಗುವುದು ಹುಡುಗಿಯರಲ್ಲಿ ಹದಿನೆಂಟು, ಹುಡುಗರಲ್ಲಿ ಇಪ್ಪತ್ತರ ಹೊತ್ತಿಗೆ. ಹದಿಮೂರರಿಂದ ಹದಿನೈದರ ವಯಸ್ಸಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1000 ಮಿಲಿಗ್ರಾಂ. ಬೆಳಗಿನ ಹಾಲು ಬಿಟ್ಟು, ರಾಗಿ ಮುದ್ದೆಗೆ ಮೂಗು ಮುರಿದು, ಟ್ಯೂಷನ್ನಿಂದ ಟ್ಯೂಷನ್ನಿಗೆ ಓಡುವ ಹುಡುಗಿ ನಾಳೆ ತಾಯಿಯಾಗಿ ಸಾಲ ಕೊಡಬೇಕಾದಾಗ ಗಂಟಿನಲ್ಲಿ ಏನಿರುತ್ತದೆ?

ಅಂದಹಾಗೆ, ಆ ಮನೆಯ ಹಸುವಿನ ಹಾಲು ವ್ಯರ್ಥವಾಗಬೇಕಿಲ್ಲ. ಅದನ್ನು ಕಾಯಿಸಿ ಒಂದು ದೊಡ್ಡ ಲೋಟ ಬಾಣಂತಿಗೇ ಕೊಡಬಹುದು. ಹನಿ ಔಷಧಿಯ ಚೀಟಿ ಓದಿ ಅಳತೆ ನೋಡುವ ಕೆಲಸ ತಮ್ಮನಿಗಿರಲಿ. ಅಜ್ಜಿ ಇನ್ನು ಮೂರು ತಿಂಗಳು ತಾಳಿ, ರಾಗಿ ನೆನೆಹಾಕಲಿ.